ಮೈಯೆಲ್ಲ ನಾಲಿಗೆ

ಖಾಲಾಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಚೇಳುಮೀನಿನ ಮುಳ್ಳು ಹೊಕ್ಕ ಗಾಯ. ಉಗುರು ಮತ್ತೆ ಬೆಳೆದಾಗ ಎರಡು ಹೋಳಾಗಿಯೇ ಬೆಳೆಯಿತಂತೆ. ಆ ಸೀಳಿನಲ್ಲಿ ಸದಾ ಅರಿಶಿನ ಕೂತಿರುತ್ತಿತ್ತು. ಮೀನು ಕೊಯ್ದು, ಅರಿಶಿನ ಸವರಿ ಕೊಡುವ ಕೈ ಅದು. ಸೋಪು ಹಚ್ಚಿ ತೊಳೆದರೆ ಆ ಹಳದಿ ಗೆರೆ ಕೆಂಪಗಾಗುತ್ತಿತ್ತು. ಇದನ್ನು ನಾನು ಮೊದಲ ದಿನವೇ ನೋಡಿದ್ದೆ. ನೋಡಿಯೂ ಏನನ್ನೂ ಕಲಿತಿರಲಿಲ್ಲ.

ಅವಳು ನನಗೆ ಬಳಗವಲ್ಲ. ಲಾಂಚು ನಡೆಸುವ ಅಂಬಿಗನಿಂದ ಹಿಡಿದು ದಂಡೆಯ ಮೇಲಿನವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಭೀಮಾ ಹೊಳೆಯ ಅಫಜಲಪುರ ಕಡೆಯ ದಂಡೆಯಲ್ಲಿ ಲಾಂಚು ನಿಲ್ಲುವ ಕಟ್ಟೆ ಇತ್ತು. ಆಚೆ ದಂಡೆ ಜೇವರ್ಗಿ ತಾಲೂಕು. ನೆಲೋಗಿಯ ಕಡೆ ಹೋಗುವವರು ರಸ್ತೆಯ ದೊಡ್ಡ ಸುತ್ತು ತಪ್ಪಿಸಲು ಇಲ್ಲಿ ಲಾಂಚು ಹತ್ತುತ್ತಿದ್ದರು. ಕಟ್ಟೆ ನಿಂತದ್ದು ನೀರಿನಲ್ಲಿ ಹೂತ ಆರು ಕಬ್ಬಿಣದ ಕಂಬಗಳ ಮೇಲೆ. ಅವುಗಳಲ್ಲಿ ಎರಡರ ಬುಡವನ್ನು ತುಕ್ಕು ತಿಂದಿತ್ತು. ಅದನ್ನು ರಿಪೇರಿ ಮಾಡಿಸಲು ಗುತ್ತಿಗೆದಾರರ ಕಡೆಯಿಂದ ಸೂಪರ್‌ವೈಜರ್ ಆಗಿ ಬಂದವನು ನಾನು. ನನ್ನ ಊರು ಆಳಂದ ತಾಲೂಕಿನ ನಿಂಬರ್ಗಾ, ತೊಗರಿ ಜೋಳದ ಸೀಮೆ. ನಮಗೆ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ವಸ್ತು. ಹೊಳೆಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಮಾತು: ಕಂಬದ ಕೆಲಸ ಬೇಸಿಗೆಯಲ್ಲಿ ಮಾಡಬೇಕು, ಆಗ ನೀರು ಕಡಿಮೆ.

ನೀರು ಕಡಿಮೆಯಾದಾಗ ಮೀನು ಎಲ್ಲಿಗೆ ಹೋಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಹೊಳೆ ಬತ್ತುತ್ತ ಬಂದಂತೆ ಆ ಹರವಿನ ಮೀನೆಲ್ಲ ಆಳವಾದ ಮಡುವಿಗೆ ಬಂದು ಸೇರುತ್ತದೆ. ಲಾಂಚಿಗೂ ಆಳ ಬೇಕು. ಹಾಗಾಗಿ ನಮ್ಮ ಕಟ್ಟೆ ಇದ್ದದ್ದೂ ಆ ಮಡುವಿನ ಅಂಚಿನಲ್ಲೇ. ಯುಗಾದಿಯಿಂದ ಹೊಸ ನೀರು ಬರುವವರೆಗೆ ಮಡುವಿಗೆ ಯಾರೂ ಬಲೆ ಹಾಕುತ್ತಿರಲಿಲ್ಲ. ಬರೆದಿಟ್ಟ ಕಾನೂನಲ್ಲ, ದಂಡೆಯವರ ಕಟ್ಟುಪಾಡು. ಆ ತಿಂಗಳುಗಳಲ್ಲಿ, ಉಳಿದ ವರ್ಷವೆಲ್ಲ ಮೀನು ಮಾರುವ ಖಾಲಾ, ಹೊಳೆ ಬಿಟ್ಟುಕೊಟ್ಟ ಮೆಕ್ಕಲು ಮಣ್ಣಿನಲ್ಲಿ ಸವತೆ, ಖರಬೂಜ ಬೆಳೆದು ಹೊಟ್ಟೆ ಹೊರೆಯುತ್ತಿದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳನ್ನು ದೂರ ಕೊಟ್ಟಿದ್ದಳು. ಆ ತುಂಡು ಬೆಳೆಯೇ ಅವಳ ಬೇಸಿಗೆ.

ಕಂಬದ ಸುತ್ತ ಮರಳುಚೀಲಗಳ ಗೋಡೆ ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಎತ್ತಿ, ಒಣಗಿದ ಬುಡಕ್ಕೆ ಕಾಂಕ್ರೀಟಿನ ಅಂಗಿ ತೊಡಿಸುವುದು ನಮ್ಮ ಕೆಲಸ. ಮೊದಲ ಕಂಬಕ್ಕೆ ಪಂಪು ಹಚ್ಚಿದ ದಿನ ದಂಡೆಯಲ್ಲಿ ಜನ ಸೇರಿದರು. ನೀರು ಮೊಣಕಾಲಿಗಿಳಿದಾಗ ಒಳಗೆ ಸಿಕ್ಕಿಕೊಂಡಿದ್ದ ಮೀನುಗಳ ಬೆನ್ನು ಕಾಣತೊಡಗಿದವು. ನಮ್ಮ ಮಿಸ್ತ್ರಿ ನರೋಣಾದವನು, ನನಗಿಂತ ಬಹಳ ಹಿರಿಯ. ಸಿಮೆಂಟಿನ ಬುಟ್ಟಿ ಕೈಗೆತ್ತಿಕೊಂಡು ಅಂದ: "ಸಾಹೇಬ್ರ, ಇವತ್ತ ಪುಕ್ಕಟ ದಾವತ್ ನೋಡ್ರಿ."

ಖಾಲಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚೀಲದ ಗೋಡೆ ಹತ್ತಿ ನಿಂತಳು.

"ಯಾಂವ ಇಳೀತೀರಿ ಇಳೀರಿ, ನೋಡೂಣು."

"ವರ್ಷಪೂರ್ತಿ ಮೀನ ಕೊಯ್ದು ಮಾರಾಕಿ ನೀನಽ," ಎಂದ ಗುಂಪಿನಲ್ಲೊಬ್ಬ. "ಇವತ್ತ ಒಮ್ಮಿಂದೊಮ್ಮೆ ಶರಣಿ ಆದಿಯೇನ್ಬೇ?"

ಜನ ನಕ್ಕರು. ಅವಳೂ ನಕ್ಕಳು. "ಬಲಿಗಿ ಬಿದ್ದದ್ದು ನಂದು. ಇದು ಬಿದ್ದದ್ದಲ್ಲಲೇ, ಈ ಸಾಬ್ ಕೂಡಿಹಾಕಿದ್ದು. ಮನ್ಯಾಗ ಕುಂತವ್ರಿಗಿ ಹೊರಗಿಂದ ಚಿಲಕಾ ಹಾಕಿ ಹೊಡದ್ರ ಅದು ಬ್ಯಾಟಿ ಅಲ್ಲ, ಖೂನಿ."

ಯಾರೂ ಇಳಿಯಲಿಲ್ಲ. ಅವಳೊಬ್ಬಳೇ ಇಳಿದಳು. ಒದ್ದೆ ಗೋಣಿತಟ್ಟಿನಲ್ಲಿ ಮೀನು ಹಿಡಿದು, ನೀರು ತುಂಬಿದ ಡಬ್ಬಿಯಲ್ಲಿ ಹಾಕಿ, ಗೋಡೆಯಾಚೆ ಮಡುವಿಗೆ ಬಿಟ್ಟಳು. ನಾಲ್ಕನೆಯ ಡಬ್ಬಿಗೆ ಮಿಸ್ತ್ರಿ ತಾನಾಗಿಯೇ ಕೈಜೋಡಿಸಿದ. ಅರ್ಧ ದಿನದ ಕೆಲಸ ನಿಂತಿತು. ನಾನು ಗಡಿಯಾರ ನೋಡುತ್ತ ನಿಂತಿದ್ದೆ.

ಎಲ್ಲ ಮುಗಿದ ಮೇಲೆ ನನ್ನ ಬಳಿ ಬಂದು ಕುಳಿತು ಎಲೆ ಅಡಿಕೆಯ ಚೀಲ ಬಿಚ್ಚಿದಳು.

"ಸಿಮೆಂಟ್ ಹಾಕೂ ದಿನ ಒಳಗ ಸೋರೂ ನೀರ ಎಲ್ಲಿ ಬಿಡ್ತಿ ಬೇಟಾ?"

"ಹೊಳಿಗೇ ಖಾಲಾ, ಮತ್ತೆಲ್ಲಿ ಬಿಡ್ಲಿ?"

ಅವಳು ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ಎಲಿಗಿ ಸುಣ್ಣಾ ಜಾಸ್ತಿ ಆದ್ರ ಏನಾಗ್ತದ?"

"ನಾಲಿಗಿ ಸುಡ್ತದ."

"ನಿಂದ ನಾಲಿಗಿ ಇಷ್ಟಽ ಅದ. ಮೀನಿಗಿ ಮೈಯೆಲ್ಲಾ ನಾಲಿಗಿ. ನಿನ್ನ ಸಿಮೆಂಟಿನ್ಯಾಗ ಇರೂದೂ ಸುಣ್ಣಾನಽ ಅಲ್ಲೇನು?"

ಡಿಪ್ಲೊಮಾದಲ್ಲಿ ನಾನೂ ಅದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೀನಿನ ಕಡೆಯಿಂದ ಮಾತ್ರ ಎಂದೂ ನೋಡಿರಲಿಲ್ಲ. ದಂಡೆಯ ಮೇಲೆ ಗುಂಡಿ ತೋಡಿಸಿ ಸಿಮೆಂಟಿನ ನೀರನ್ನೆಲ್ಲ ಅದಕ್ಕೆ ಬಿಡುತ್ತೇನೆ ಎಂದೆ. "ಗುಂಡಿಯಿಂದ ಹೊಳಿಗಿ ಬಿಡೂಕಿಂತ ಮೊದಲ ನನಗ ಕೇಳು," ಅಂದಳು. "ಕೇಳ್ತೇನಿ," ಅಂದೆ. ಮಿಸ್ತ್ರಿಯ ಎದುರಿಗೇ ಅಂದೆ.

ಮೊದಲ ಕಂಬ ಸುಸೂತ್ರವಾಗಿ ಮುಗಿಯಿತು. ಎರಡನೆಯದರ ಹೊತ್ತಿಗೆ ಆಕಾಶದಲ್ಲಿ ಮೋಡ ಕಾಣತೊಡಗಿತ್ತು. ಹೊಳೆಗೆ ನೀರು ಬಂದರೆ ಕೆಲಸ ಮುಂದಿನ ಬೇಸಿಗೆಗೆ. ಗುತ್ತಿಗೆದಾರರಿಂದ ಫೋನಿನ ಮೇಲೆ ಫೋನು. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಖಾಲಾ ಮೊದಲ ಲಾಂಚಿಗೇ ಸವತೆಕಾಯಿಯ ಬುಟ್ಟಿ ಹೊತ್ತು ಆಚೆ ದಂಡೆಗೆ ಹೋದಳು. ಹೋಗುವಾಗ ಗುಂಡಿಯ ಕಡೆ ಕೈ ತೋರಿಸಿ "ನೆಪ್ಪದ ಅಲ್ಲಾ?" ಎಂದಳು. ತಲೆಯಾಡಿಸಿದೆ.

ಮುಂದೆ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಅಂದು ಚೀಲದ ಗೋಡೆ ಹಿಂದಿಗಿಂತ ಹೆಚ್ಚು ಸೋರಿತು. ಮಿಸ್ತ್ರಿ ಕೆಳಗೆ ಕಂಬದ ಬುಡದಲ್ಲಿದ್ದ. ಹಸಿ ಕಾಂಕ್ರೀಟಿನಿಂದ ಇಳಿದ ಬೂದು ನೀರನ್ನು ಪಂಪು ಎತ್ತಿ ಗುಂಡಿಗೆ ಸುರಿಯುತ್ತಿತ್ತು. ಹನ್ನೊಂದರ ಸುಮಾರಿಗೆ ಗುಂಡಿ ಅಂಚಿಗೆ ಬಂತು. ನಾನು ಬಗ್ಗಿ ನೋಡಿದೆ. ಬೂದು ಗಸಿಯೆಲ್ಲ ತಳಕ್ಕೆ ಕೂತಿತ್ತು. ಮೇಲಿನ ನೀರು ಎಷ್ಟು ತಿಳಿಯಾಗಿತ್ತೆಂದರೆ ಮೊಳದಾಳದ ಕಲ್ಲು ಕಾಣುತ್ತಿತ್ತು. ಕೆಳಗಿನಿಂದ ಮಿಸ್ತ್ರಿ ಕೂಗಿದ: "ಗುಂಡಿ ತುಂಬ್ತೇನ್ರಿ ಸಾಹೇಬ್ರ? ಏನ್ ಮಾಡೂಣು?" ನಾನು ತಲೆಯೆತ್ತಿದೆ. ಲಾಂಚು ಆಚೆಯಿಂದ ಹೊರಟು ನಡುಹೊಳೆಯಲ್ಲಿತ್ತು. ಖಾಲಾಳ ತಲೆಯ ಮೇಲಿನ ಖಾಲಿ ಬುಟ್ಟಿ ನನಗೆ ಕಂಡಿತು.

ಅದು ಬರುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಗುಂಡಿಯ ಮೇಲಂಚಿಗೆ ಒಂದು ಪೈಪು ಕೊಟ್ಟು ಅದರ ಇನ್ನೊಂದು ಬಾಯನ್ನು ನಾನೇ ಮಡುವಿಗೆ ಇಳಿಬಿಟ್ಟೆ. ನನಗೆ ಗೊತ್ತಿರಲಿಲ್ಲ ಎಂದರೆ ಅದು ಅರ್ಧ ನಿಜ. ಕೇಳುತ್ತೇನೆ ಎಂದು ಕೇಳಲಿಲ್ಲ ಎಂಬುದು ಪೂರ್ತಿ ನಿಜ.

ಮೊದಲು ಪೈಪಿನ ಬಾಯಿಯ ಹತ್ತಿರ ಚಿಕ್ಕ ಮೀನುಗಳು ಒಮ್ಮೆಲೇ ಮೇಲೆ ಬಂದವು. ಮೇವಿಗೆ ಬಂದವೆಂದುಕೊಂಡೆ. ಆಮೇಲೆ ಅವು ಬಾಯಿ ಮೇಲೆ ಮಾಡಿ ತೆರೆಯತೊಡಗಿದವು, ಮುಚ್ಚತೊಡಗಿದವು. ಕೆಲವು ಪಕ್ಕಕ್ಕೆ ಹೊರಳಿ ಬೆಳ್ಳಗೆ ಹೊಳೆದವು. ಮೊಳಕೈಯುದ್ದದ ಒಂದು ಮರಲ್ ಮೀನು ನೀರಿನಿಂದ ತಾನೇ ಹಾರಿ ಮರಳಿನ ಮೇಲೆ ಬಿತ್ತು. ನೀರಿಗಿಂತ ಬಿಸಿ ಮರಳೇ ವಾಸಿ ಎನಿಸಿತ್ತು ಅದಕ್ಕೆ.

ಲಾಂಚಿನ ಹಗ್ಗ ಕಟ್ಟುವ ಮೊದಲೇ ಖಾಲಾ ಇಳಿದಿದ್ದಳು. ಬುಟ್ಟಿಯನ್ನು ಎಲ್ಲಿ ಬಿಟ್ಟಳೋ ಗೊತ್ತಿಲ್ಲ. ಕೂಗಲಿಲ್ಲ. ಬೈಯಲಿಲ್ಲ. ನೆಟ್ಟಗೆ ಗುಂಡಿಯ ಬಳಿ ಬಂದು ಸೊಂಟದ ಚೀಲದಿಂದ ಚಿಟಿಕೆ ಅರಿಶಿನ ತೆಗೆದು ಆ ತಿಳಿನೀರಿಗೆ ಉದುರಿಸಿದಳು.

ಬಿದ್ದಲ್ಲೇ ಅದು ಕೆಂಪಾಯಿತು. ರಕ್ತ ಬಿಟ್ಟಂತೆ ಎಳೆಯೆಳೆಯಾಗಿ ಕೆಂಪು ಹರಡಿತು.

"ತಿಳಿ ಅದ ಅಂತ ಬಿಟ್ಟಿ ಹೌದಿಲ್ಲ?" ಅಂದಳು. "ಸುಣ್ಣದ ತಿಳಿ ನೋಡಿಲ್ಲೇನ್ ಎಂದೂ?"

ನಾನು ಪಂಪು ನಿಲ್ಲಿಸಲು ಓಡಿದೆ. ಹಿಂದಿನಿಂದ ಅವಳ ದನಿ ಏರಿತು: "ಪಂಪ್ ಮುಟ್ಟಬ್ಯಾಡಲೇ!"

ಅವಳು ನನಗಿಂತ ಮುಂದೆ ಯೋಚಿಸಿದ್ದಳು. ಪಂಪು ನಿಂತರೆ ಸೋರುವ ನೀರು ಒಳಗೇ ಏರುತ್ತದೆ, ಹಸಿ ಕಾಂಕ್ರೀಟಿನ ಸಿಮೆಂಟನ್ನೆಲ್ಲ ತೊಳೆದು ಚೀಲಗಳ ಸಂದಿಯಿಂದ ಮಡುವಿಗೇ ಒಯ್ಯುತ್ತದೆ. ನಡೆಸಿದರೆ ಗುಂಡಿ ಉಕ್ಕಿ ದಂಡೆಯಿಂದಿಳಿದು ಅದೇ ಮಡುವಿಗೆ. ನಾನು ಎರಡರ ನಡುವೆ ನಿಂತುಬಿಟ್ಟೆ. ಅವಳು ಪೈಪನ್ನು ಮಡುವಿನಿಂದ ಎಳೆದು ಬಿಸಾಡಿ, ನಮ್ಮ ಗುದ್ದಲಿ ತೆಗೆದುಕೊಂಡು ಗುಂಡಿಯ ಕೆಳಮಗ್ಗುಲಿಗೆ ಹೋದಳು. ಅಲ್ಲಿ ಗುಂಡಿಗೂ ಹೊಳೆಗೂ ನಡುವೆ, ಸುತ್ತ ಗಟ್ಟಿ ಬದು ಇದ್ದ, ನೀರು ನಿಲ್ಲುವ ಜಾಗ ಒಂದೇ ಇತ್ತು. ಅವಳ ಸವತೆಯ ಮಡಿಗಳು.

ಮಿಸ್ತ್ರಿ ಚೀಲದ ಮೇಲಿಂದ ತಲೆ ತೂರಿಸಿ ಕೂಗಿದ: "ಖಾಲಾ, ಹುಚ್ಚಿಡದದೇನ? ನಿನ್ನ ಹೊಟ್ಟಿ ಮ್ಯಾಲ ನೀನಽ ಹೊಡಕೋತಿ?"

"ನೀ ನಿನ್ನ ಕಂಬಾ ನೋಡ್ಕೋ!" ಗುದ್ದಲಿ ಬದುವಿಗೆ ಬಿತ್ತು. "ಸವತಿ ಬೀಜಾ ಅಂಗಡ್ಯಾಗ ಸಿಗ್ತಾವ. ಮಡುವಿನ ಬೀಜಾ ಯಾವ ಅಂಗಡ್ಯಾಗ ಸಿಗ್ತಾವ ಹೇಳು?"

ಮೂರು ಏಟಿಗೆ ಬದು ಒಡೆಯಿತು. ಗುಂಡಿಯ ಅಂಚಿನಿಂದ ಅವಳು ಗೀರಿದ ಕಾಲುವೆ ಹಿಡಿದು ನೀರು ಬಳ್ಳಿಗಳ ನಡುವೆ ಹರಿಯಿತು. ಕೆಳಗಿನ ಬದುವಿಗೆ ನಾನು ಮಣ್ಣು ಹಾಕಿದೆ. ಅದು ಒಡೆಯಬಾರದು, ಅಷ್ಟೇ ನನಗೆ ಉಳಿದಿದ್ದ ಕೆಲಸ. ಅಂಬಿಗ ಇಂಜಿನ್ ಬಂದ್ ಮಾಡಿ, ಬಿದಿರಿನ ಗಳದಿಂದ ನೀರು ಬಡಿಯುತ್ತ ಉಳಿದ ಮೀನುಗಳನ್ನು ಆಚೆಯ ಆಳಕ್ಕೆ ಬೆದರಿಸಿದ. ಮಧ್ಯಾಹ್ನ ಮೂರರವರೆಗೆ ಯಾರೂ ಕೂರಲಿಲ್ಲ. ಖಾಲಾ ಆಗಾಗ ಮಡುವಿನ ಅಂಚಿಗೆ ಹೋಗಿ ಅರಿಶಿನ ಉದುರಿಸಿ ನೋಡುತ್ತಿದ್ದಳು. ಕೆಂಪು. ಮತ್ತೆ ಕೆಂಪು. ಆಮೇಲೆ ಕಂದು. ಕೊನೆಗೊಮ್ಮೆ ಹಳದಿ ಹಳದಿಯಾಗಿಯೇ ಉಳಿಯಿತು. ಆಗ ಕುಕ್ಕರಗಾಲಿನಲ್ಲಿ ಕುಳಿತಳು.

ಕಂಬ ಗಟ್ಟಿಯಾಯಿತು. ಸಂಜೆ ಅವಳು ಸತ್ತ ಮೀನುಗಳನ್ನು ಆರಿಸಿ ತಂದು, ನಮ್ಮದೇ ಒಂದು ಖಾಲಿ ಸಿಮೆಂಟು ಚೀಲ ಹಾಸಿ ಅದರ ಮೇಲೆ ಸಾಲಾಗಿ ಮಲಗಿಸಿದಳು. ನನ್ನನ್ನು ಕರೆದಳು.

"ಕೂಡು. ಇದು ಬಾಳಿಮೀನ. ಅನ್ನು."

"ಬಾಳಿಮೀನ."

"ಇದು ಚೇಳಮೀನ. ನನ್ನ ಹೆಬ್ಬಟ್ಟಿನ ದೋಸ್ತ. ಇದು ಸಿಗಡಿ. ಇದು ಮರಲ್, ಹೊಟ್ಟಿ ನೋಡು. ತತ್ತಿ ಅದಾವ."

ಒಂದೊಂದನ್ನೂ ಹೇಳಿಸಿದಳು. ತಪ್ಪಾಯಿತು ಎಂದೆ. ಅವಳು ಹೊಳೆಯ ಕಡೆ ನೋಡುತ್ತ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ನನ್ನ ಮನೀಯಂವ ಒಂದ್ ಬ್ಯಾಸಗಿ ಈ ಮಡುವಿಗಿ ಸುಣ್ಣಾ ಹಾಕಿದ್ದ. ಪುಟ್ಟಿಗಟ್ಲೆ ಮೀನ ತೇಲಿದ್ವು. ಕೂತು ಮಾರಿದಾಕಿ ನಾನಽ. ಮುಂದ ಎರಡ ಮಳಿಗಾಲ ಈ ಮಡುವಿನ್ಯಾಗ ಒಂದು ಕಪ್ಪಿ ಸುದ್ದಾ ಒದರಲಿಲ್ಲ. ಅಂವ ಹೋಗಿಬಿಟ್ಟ. ಆ ಸಪ್ಪಳಿಲ್ಲದ್ದು ನಾ ಒಬ್ಬಾಕೀನ ಕೇಳೀನಿ."

ಮೀನು ಕೇಳಿದವರಿಗೆ ಕೊಡಲಿಲ್ಲ. ಬೆಳ್ಳಗೆ ಸುಣ್ಣಗಟ್ಟಿದ್ದ ತನ್ನ ಮಡಿಯಲ್ಲೇ ಹೂತಳು. ಬಳ್ಳಿಗಳ ಎಲೆ ಅಂಚಿನಿಂದ ಸುಡುತ್ತ ಬಂದಿದ್ದವು. ಆ ಬೇಸಿಗೆಯ ಉಳಿದ ದಿನಗಳನ್ನು ಅವಳು ಇನ್ನೊಬ್ಬರ ಹೊಲದಲ್ಲಿ ತೊಗರಿ ಕಟ್ಟಿಗೆ ಆರಿಸಿ ಕಳೆದಳು. ನಾನು ಏನು ಕೊಡಲು ಹೋದರೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಳು. "ಮಳಿ ಆಗ್ಲಿ. ಮಡು ಏನ್ ಅಂತದೋ ಕೇಳೂಣು," ಅಷ್ಟೇ ಅನ್ನುತ್ತಿದ್ದಳು.

ಮಳೆಗಾಲದಲ್ಲಿ ನಾನು ಬೇರೆ ಕೆಲಸದ ಮೇಲಿದ್ದೆ. ಒಂದು ಮಧ್ಯಾಹ್ನ ಅಂಬಿಗನ ಫೋನು ಬಂತು. ಎತ್ತಿದರೆ ಖಾಲಾಳ ದನಿ, ಫೋನಿನಲ್ಲಿ ಮಾತಾಡಿ ರೂಢಿಯಿಲ್ಲದವರ ಕೂಗುದನಿ.

"ಬೇಟಾ, ಕೇಳಸ್ತದೇನು? ಮರಲ್ ಮರಿ ಬಂದಾವ. ಕೆಂಪಗ, ಗುಂಪ ಗುಂಪ. ತಾಯಿ ಕೆಳಗ ಕಾಯ್ಕೋತ ನಿಂತಾದ." ಆಮೇಲೆ, ಸ್ವಲ್ಪ ತಗ್ಗಿ: "ಕಪ್ಪಿ ಒದರಾಕತ್ತಾವ. ತಡಿ, ಕೇಳಸ್ತೀನಿ."

ಫೋನನ್ನು ಹೊಳೆಯ ಕಡೆ ಹಿಡಿದಿರಬೇಕು. ಬಹಳ ಹೊತ್ತು ನೀರು, ಕಪ್ಪೆ, ಗಾಳಿ. ನಾನು ಫೋನು ಕಿವಿಯಿಂದ ತೆಗೆಯಲಿಲ್ಲ.

ಅದೇ ನಾನು ಕೇಳಿದ ಅವಳ ಕೊನೆಯ ಮಾತು. ಮರುವರ್ಷ ಚಳಿಗಾಲದಲ್ಲಿ ಎರಡು ದಿನದ ಜ್ವರಕ್ಕೆ ಹೋದಳೆಂದು ಅಂಬಿಗ ತಿಳಿಸಿದ. ನಾನು ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಅವಳ ಮಡಿಗಳ ಮೇಲೆ ಹೊಳೆ ಹೊಸ ಮೆಕ್ಕಲು ಹಾಸಿಹೋಗಿತ್ತು, ಸುಣ್ಣದ ಗುರುತಿರಲಿಲ್ಲ. ಕಟ್ಟೆಯ ಮೇಲೆ ಜನ ಲಾಂಚಿಗೆ ಕಾಯುತ್ತಿದ್ದರು.

ಈಗಲೂ ಸೇತುವೆ, ಕಟ್ಟೆ, ಕಂಬ ಎಂದು ನೀರಿನ ಅಂಚಿನಲ್ಲೇ ನನ್ನ ಕೆಲಸ. ಎಲ್ಲಿ ಹೋದರೂ ಚೀಲದಲ್ಲಿ ಒಂದು ಪೊಟ್ಟಣ ಅರಿಶಿನ ಇರುತ್ತದೆ. ನೀರು ಹೊರಬಿಡುವ ಮೊದಲು ಗುಂಡಿಗೆ ಚಿಟಿಕೆ ಉದುರಿಸುತ್ತೇನೆ. ಹೊಸದಾಗಿ ಬಂದ ಕೂಲಿಯವರು ಪೂಜೆಯೆಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿಯುತ್ತಾರೆ. ನಾನು ತಿದ್ದುವುದಿಲ್ಲ. ನೀರಿನ ಮೇಲಿನ ಬಣ್ಣದಿಂದ ಕಣ್ಣು ತೆಗೆಯದೆ ನಿಂತಿರುತ್ತೇನೆ. ಪಕ್ಕದಲ್ಲಿ ಫೋನು ಹೊಡೆದುಕೊಳ್ಳುತ್ತಿದ್ದರೂ, ಹಳದಿ ಹಳದಿಯಾಗಿ ಉಳಿಯುವವರೆಗೆ ಪೈಪು ಮುಟ್ಟಲು ಯಾರನ್ನೂ ಬಿಡುವುದಿಲ್ಲ.