ಮೂರು ಸಲ ಕೂಗಲಾಯಿತು, ಹಾಜರಿಲ್ಲ

ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಶಾಸಕಿ ದೊಡ್ಡಾಸ್ಪತ್ರೆಯ ಕಿವಿ ವಿಭಾಗದ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಕಾರನ್ನು ಗೇಟಿನಾಚೆಯೇ ಬಿಟ್ಟು ಒಬ್ಬರೇ ನಡೆದು ಬಂದಿದ್ದರು. ತೊಡೆಯ ಮೇಲೆ ಒಂದು ನೋಟ್ ಪುಸ್ತಕ, ಕಿವಿಯ ಸಂದಿಯಲ್ಲಿ ಪೆನ್ಸಿಲು. ಪಕ್ಕದಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ನಲವತ್ತೊಂದು ವರ್ಷದ ಬೈಂಡರ್. ಅವರ ಕೈಯಲ್ಲಿ ಹದಿನಾಲ್ಕನೇ ನಂಬರಿನ ಚೀಟಿ ಬೆವರಿಗೆ ಮೆತ್ತಗಾಗಿತ್ತು.

ಆರನೇ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಬೈಂಡರ್‌ಗೆ ಎರಡೂ ಕಿವಿ ಹೋದವು. ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಗೆ ಐದು ವರ್ಷ ಆಯಸ್ಸು. ಮೂವತ್ತೈದು ವರ್ಷದಿಂದ ಕೇಳಿಸದ ಕಿವಿ ಇನ್ನೂ ಕೇಳಿಸುತ್ತಿಲ್ಲ ಎಂದು ಐದು ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ರುಜುವಾತು ಮಾಡಬೇಕು. ಈ ಸಲ ತಡ ಮಾಡುವಂತಿರಲಿಲ್ಲ. ಕೇಂದ್ರ ಗ್ರಂಥಾಲಯದಲ್ಲಿ ಬೈಂಡರ್ ಕೆಲಸಕ್ಕೆ ಅವರ ಆಯ್ಕೆಯಾಗಿತ್ತು. ಅದು ಅಂಗವಿಕಲರಿಗೆ ಮೀಸಲಾದ ಜಾಗ. ಶುಕ್ರವಾರದೊಳಗೆ ಹೊಸ ಚೀಟಿ ತೋರಿಸದಿದ್ದರೆ ಕೆಲಸ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ.

ಕಿವಿ ವಿಭಾಗದ ಪದ್ಧತಿ ಹೀಗಿದೆ. ಅಟೆಂಡರ್ ಬಾಗಿಲಿಗೆ ಬಂದು ನಂಬರನ್ನು ಮೂರು ಸಲ ಕೂಗುತ್ತಾನೆ. ಯಾರೂ ಏಳದಿದ್ದರೆ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾನೆ: ‘ಮೂರು ಸಲ ಕೂಗಲಾಯಿತು, ಹಾಜರಿಲ್ಲ.’ ಅಂಥ ಮೂರು ಷರಾ ಬಿದ್ದರೆ ಅರ್ಜಿ ಮುಗಿದಂತೆ. ಆರು ತಿಂಗಳು ಕಳೆದ ಮೇಲೆ ಹೊಸದಾಗಿ ಹಾಕಬೇಕು. ಆ ಬೆಂಚಿನ ಮೇಲೆ ಕೂರುವವರು ಅಲ್ಲಿಗೆ ಬರುವುದೇ ಕಿವಿ ಕೇಳಿಸದ ಕಾರಣಕ್ಕೆ.

ಬೈಂಡರ್ ಮೇಲೆ ಆಗಲೇ ಎರಡು ಷರಾ ಬಿದ್ದಿದ್ದವು. ಮೊದಲ ಮಂಗಳವಾರ ಅಟೆಂಡರ್ ರಿಜಿಸ್ಟರಿನೊಳಗೆ ಮುಖ ಹುದುಗಿಸಿಕೊಂಡೇ ಕೂಗಿದ್ದ. ಎರಡನೇ ವಾರ ಬೈಂಡರ್ ತುಟಿ ನೋಡಿಯೇ ತಿಳಿದುಕೊಳ್ಳೋಣವೆಂದು ಎರಡು ಗಂಟೆ ಬಾಗಿಲಿನಿಂದ ಕಣ್ಣು ಕೀಳದೆ ಕೂತರು. ಅಂದು ಅಟೆಂಡರ್ ಮಾಸ್ಕ್ ಹಾಕಿದ್ದ. ‘ನಾನು ತಿಳಿಸ್ತೀನಿ’ ಎಂದು ಸನ್ನೆ ಮಾಡಿದ್ದ ಪಕ್ಕದವನು ತನ್ನ ಸರದಿ ಬಂದಾಗ ಎದ್ದು ಒಳಗೆ ಹೋದ. ಬೈಂಡರ್ ಹೆಂಡತಿಗೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮುನ್ನೂರು ಮಕ್ಕಳ ಊಟ ಬಿಟ್ಟು ಆಕೆ ಬರುವಂತಿರಲಿಲ್ಲ. ಅಂದು ಸಂಜೆ ಆಕೆ ನೆಟ್ಟಗೆ ಶಾಸಕಿಯ ಮನೆಗೆ ಹೋದರು.

ಊರಿನವರ ಬಾಯಲ್ಲಿ ಶಾಸಕಿ ಇವತ್ತಿಗೂ ಕಂಡಕ್ಟರಮ್ಮ. ಹತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು. ಅವರ ಗಾಡಿಯ ಡ್ರೈವರ್ ಅಪಘಾತದಲ್ಲಿ ಕಾಲು ಕಳೆದುಕೊಂಡಾಗ, ಆತನ ಪಿಂಚಣಿಗಾಗಿ ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಪಿಂಚಣಿ ಬಂತು; ಜೊತೆಗೆ, ಅಲೆದಾಟವನ್ನು ನೋಡಿದ್ದ ಸಹೋದ್ಯೋಗಿಗಳು ಅವರನ್ನು ಚುನಾವಣೆಗೆ ನಿಲ್ಲಿಸಿದರು.

ಬೈಂಡರ್ ಹೆಂಡತಿಯ ಮಾತು ಕೇಳಿ ಅವರು ಮೊದಲು ನಂಬಲಿಲ್ಲ.

‘ಕೂಗ್ತಾರಾ? ಕಿವಿ ಡಿಪಾರ್ಟ್‌ಮೆಂಟಲ್ಲಿ?’

‘ಹೂಂ ಅಕ್ಕಾ. ಗಂಟಲು ಹರಿಯೋ ಹಾಗೆ ಕೂಗ್ತಾನೆ, ಆ ವಿಷಯದಲ್ಲಿ ಅವನನ್ನ ಅನ್ನೋ ಹಾಗಿಲ್ಲ.’

‘ಸ್ಟಾಪ್ ಹೆಸರು ಕೂಗೋದಷ್ಟೇ ನನ್ನ ಕೆಲಸ ಅಂದ್ಕೊಂಡಿದ್ರೆ ಅರ್ಧ ಜನ ಡಿಪೋದಲ್ಲೇ ಇಳೀಬೇಕಿತ್ತು ಕಣಮ್ಮಾ. ಭುಜ ತಟ್ಟೋಕೆ ಏನು ಖರ್ಚು?’

ಗುರುವಾರ ಅವರು ಸದನದಲ್ಲಿ ಪ್ರಶ್ನೆ ಎತ್ತಿದರು. ಸಮಾಜ ಕಲ್ಯಾಣ ಸಚಿವರು ಎದ್ದು ನಿಂತು ಹಾಳೆ ನೋಡಿ ಓದಿದರು: ‘ಶ್ರವಣ ದೋಷವುಳ್ಳವರ ಅನುಕೂಲಕ್ಕಾಗಿ ಇಲಾಖೆ ಸಹಾಯವಾಣಿ ನಡೆಸುತ್ತಿದೆ. ಎರಡು ವರ್ಷಗಳಲ್ಲಿ ಈ ಬಗ್ಗೆ ಒಂದೇ ಒಂದು ಕರೆಯೂ ಬಂದಿಲ್ಲ.’

‘ಕಿವಿ ಕೇಳಿಸದವರು ಫೋನ್ ಮಾಡಿ ದೂರು ಕೊಡಲಿಲ್ಲ ಅಂತ ಸಚಿವರು ಹೇಳ್ತಿದ್ದಾರೆ,’ ಎಂದರು ಕಂಡಕ್ಟರಮ್ಮ. ‘ಇದು ಹಾಗೇ ಕಡತಕ್ಕೆ ಹೋಗ್ಲಿ.’

ಹಿಂದಿನ ಸಾಲಿನಿಂದ ಯಾರೋ, ‘ಕಂಡಕ್ಟರಮ್ಮಾ, ರೈಟ್ ಹೇಳಿ, ಗಾಡಿ ಮುಂದಕ್ಕೆ ಹೋಗ್ಲಿ,’ ಎಂದರು. ಸದನ ನಕ್ಕಿತು. ಸಚಿವರೂ ನಕ್ಕರು.

‘ಜನ ಇನ್ನೂ ಬಾಗಿಲಲ್ಲಿ ನೇತಾಡ್ತಿದ್ದಾರೆ. ನಾನು ರೈಟ್ ಹೇಳಲ್ಲ,’ ಎಂದರು ಇವರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆ ಕರೆದರು.

ಹಾಗಾಗಿ ಮೂರನೇ ಮಂಗಳವಾರ ಅವರೇ ಬೆಂಚಿಗೆ ಬಂದರು. ಎಲ್ಲವನ್ನೂ ಕಣ್ಣಾರೆ ಕಂಡು, ಗಂಟೆ ನಿಮಿಷದ ಸಮೇತ ಬರೆದು ಸದನದ ಮುಂದಿಡುವುದು ಅವರ ಲೆಕ್ಕಾಚಾರ. ಶಾಲೆಗೆ ಓಡುವ ಮುನ್ನ ಬೈಂಡರ್ ಹೆಂಡತಿ ಗೇಟಿನಲ್ಲಿ ಅವರನ್ನು ನಿಲ್ಲಿಸಿ ಕೇಳಿದ್ದರು.

‘ಅಕ್ಕಾ, ನೀವು ಬರ್ಕೊಳ್ಳೋದು ಬರ್ಕೊಳ್ಳಿ. ಇವರ ನಂಬರ್ ಬಂದಾಗ ಎಬ್ಬಿಸ್ತೀರೋ ಇಲ್ವೋ, ಅದನ್ನ ಹೇಳಿ.’

‘ಎಬ್ಬಿಸಿದ್ರೆ ರಿಜಿಸ್ಟರಲ್ಲಿ ಎಲ್ಲಾ ಸರಿಯಾಗಿದೆ ಅಂತಾಗುತ್ತೆ ತಂಗಿ. ನನ್ನ ಕೈಯಲ್ಲಿ ಏನುಳಿಯುತ್ತೆ?’

‘ನಿಮಗೆ ಇನ್ನೊಂದು ಗುರುವಾರ ಬರುತ್ತೆ. ಇವರಿಗೆ ಇನ್ನೊಂದು ಶುಕ್ರವಾರ ಇಲ್ಲ.’

ಕಂಡಕ್ಟರಮ್ಮ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು ಒಳಗೆ ನಡೆದಿದ್ದರು.

ಒಂಬತ್ತು ನಲವತ್ತಕ್ಕೆ ಅಟೆಂಡರ್ ಒಂಬತ್ತನೇ ನಂಬರ್ ಕೂಗಿದ. ಬೆಂಚಿನ ತುದಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಹೆಂಗಸಿನ ಕೈಯಲ್ಲೇ ಆ ಚೀಟಿ ಇತ್ತು. ಆಕೆ ಮಗುವಿನ ಟೋಪಿ ಸರಿಮಾಡುತ್ತಿದ್ದಳು. ಮೂರು ಕೂಗು, ಕೆಂಪು ಶಾಯಿ. ಕಂಡಕ್ಟರಮ್ಮ ಸಮಯ ಬರೆದುಕೊಂಡರು. ಹತ್ತೂ ಐದಕ್ಕೆ ಹನ್ನೆರಡನೇ ನಂಬರಿನ ಮುದುಕರು ಅಟೆಂಡರನ ಮುಖವನ್ನೇ ನೋಡುತ್ತ ಕೂತಿದ್ದರು, ಮಾಸ್ಕಿನ ಹಿಂದೆ ತುಟಿ ಅಲುಗಿದ್ದು ಅವರಿಗೆ ತಿಳಿಯಲಿಲ್ಲ. ಅದನ್ನೂ ಬರೆದುಕೊಂಡರು.

‘ಹದಿನಾಲ್ಕು,’ ಎಂದ ಅಟೆಂಡರ್.

ಬೈಂಡರ್ ಬಾಗಿಲು ನೋಡಿದರು, ಚೀಟಿ ನೋಡಿದರು, ಮತ್ತೆ ಬಾಗಿಲು ನೋಡಿದರು.

‘ಹದಿನಾಲ್ಕು.’

ಕಂಡಕ್ಟರಮ್ಮ ಪುಸ್ತಕ ಮುಚ್ಚಿ ಬೈಂಡರ್ ಭುಜ ತಟ್ಟಿದರು. ಇಬ್ಬರೂ ಎದ್ದು ಬಾಗಿಲಿಗೆ ಹೋದರು. ಬೈಂಡರ್ ಒಳಗೆ ಹೋದ ಮೇಲೆ ಅವರು ಅಟೆಂಡರನನ್ನು ತಡೆದು ನಿಲ್ಲಿಸಿದರು. ಆಗಲೇ ಅವನಿಗೆ ಗುರುತು ಸಿಕ್ಕಿದ್ದು.

‘ಏನಪ್ಪಾ, ಕೇಳಿಸದವರನ್ನ ಕೂಗ್ತೀಯಲ್ಲ?’

‘ಮೇಡಂ, ಕೂಗು ಅಂತ ಆದೇಶ ಇದೆ. ಮುಟ್ಟು ಅಂತ ಇಲ್ಲ.’

‘ಗೋಡೆ ಮೇಲೆ ಬೋರ್ಡ್ ಇದೆ. ನಂಬರ್ ಬರಿ.’

‘ಸೀಮೆಸುಣ್ಣಕ್ಕೆ ಇಂಡೆಂಟ್ ಕಳಿಸಿ ಒಂದೂವರೆ ವರ್ಷ ಆಯ್ತು ಮೇಡಂ.’ ಅವನು ತಮಾಷೆ ಮಾಡುತ್ತಿರಲಿಲ್ಲ; ಆ ಬೇಡಿಕೆ ಪತ್ರದ ಪ್ರತಿಯನ್ನೂ ತಂದು ತೋರಿಸಿದ.

ಒಂಬತ್ತು ಮತ್ತು ಹನ್ನೆರಡನ್ನು ಮತ್ತೆ ಕರೆಯಿರಿ ಎಂದು ಅವರು ಡಾಕ್ಟರನ್ನು ಕೇಳಿಕೊಂಡರು. ಕೆಂಪು ಶಾಯಿ ಬಿದ್ದ ಮೇಲೆ ತಿದ್ದುವ ಅಧಿಕಾರ ತನಗಿಲ್ಲ, ಮುಂದಿನ ವಾರ ಬರಲಿ ಎಂದರು ಡಾಕ್ಟರು. ಮಗುವಿನ ತಾಯಿ ಎರಡು ಬಸ್ಸು ಬದಲಿಸಿ ಬಂದವಳು. ವಿಷಯವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಆಕೆ ಓದಿ, ಮಡಚಿ, ಮಗುವನ್ನೆತ್ತಿಕೊಂಡು ಹೊರಟುಹೋದಳು.

‘ಅವೆರಡೂ ನಾನು ನೋಡ್ತಾ ನೋಡ್ತಾ ಬಿಟ್ಟಿದ್ದು,’ ಎಂದು ಕಂಡಕ್ಟರಮ್ಮ ಈಗ ಹೇಳುತ್ತಾರೆ. ‘ಸಾಕ್ಷಿ ಬೇಕು ಅಂತ ಬಾಯಿ ಮುಚ್ಚಿಕೊಂಡು ಕೂತೆ. ಆ ತಾಯಿಗೆ ನನಗಿಂತ ಅಟೆಂಡರೇ ವಾಸಿ. ಅವನು ಬಾಯಿ ತೆಗೆದು ಕೂಗಾದರೂ ಕೂಗಿದ.’

ಅಂದು ಪಟ್ಟಿ ಮುಗಿಯುವವರೆಗೆ ಅವರು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಭುಜ ತಟ್ಟಿ ಒಳಗೆ ಕಳಿಸಿದರು.

ಬೈಂಡರ್ ಹೊರಗೆ ಬಂದವರು ಜೇಬಿನಿಂದ ಅಂಗೈಯಗಲದ ರಟ್ಟಿನ ಚೂರು ತೆಗೆದು ಬರೆದರು: ‘ಒಳಗೂ ಮಾಸ್ಕ್ ತೆಗೆಯದೆ ಪ್ರಶ್ನೆ ಕೇಳಿದರು. ಉತ್ತರ ಕೊಡದ್ದಕ್ಕೆ ಪಾಸ್ ಆದೆ.’ ಬುಧವಾರ ಚೀಟಿ ಕೈಗೆ ಬಂತು, ಶುಕ್ರವಾರ ಗ್ರಂಥಾಲಯದಲ್ಲಿ ಕೆಲಸ ಖಾಯಂ ಆಯಿತು. ಚೀಟಿಯ ಆಯಸ್ಸು ಮತ್ತೆ ಐದೇ ವರ್ಷ.

ಮುಂದಿನ ಗುರುವಾರ ಸಚಿವರು ಇನ್ನೊಂದು ಹಾಳೆ ಓದಿದರು. ಪ್ರಸ್ತಾಪಿಸಲಾದ ಅರ್ಜಿದಾರರು ಹಾಜರಾಗಿ ಚೀಟಿ ಪಡೆದಿದ್ದಾರೆ, ಆದ್ದರಿಂದ ಪದ್ಧತಿಯಲ್ಲಿ ಲೋಪ ಕಂಡುಬಂದಿಲ್ಲ. ಒಂಬತ್ತು ಮತ್ತು ಹನ್ನೆರಡರ ಬಗ್ಗೆ ಕೇಳಿದ್ದಕ್ಕೆ, ಕರೆದರೂ ಬಾರದವರಿಗೆ ಇಲಾಖೆ ಹೊಣೆಯಲ್ಲ ಎಂದರು. ಈ ಸಲ ಯಾರೂ ನಗಲಿಲ್ಲ. ಊಟದ ಹೊತ್ತಾಗಿತ್ತು, ಸದನದಲ್ಲಿ ಹೆಚ್ಚು ಜನರಿರಲಿಲ್ಲ.

ಕಂಡಕ್ಟರಮ್ಮ ಈಗ ಖಾಸಗಿ ಮಸೂದೆಯೊಂದನ್ನು ಕೊಟ್ಟಿದ್ದಾರೆ. ಅದರಲ್ಲಿರುವುದು ಎರಡೇ ಕಲಮು: ವಾಸಿಯಾಗದ ಅಂಗವೈಕಲ್ಯಕ್ಕೆ ಒಮ್ಮೆ ಕೊಟ್ಟ ಚೀಟಿ ಜೀವನಪೂರ್ತಿ ನಡೆಯಬೇಕು, ಅರ್ಜಿದಾರರಿಗೆ ತಿಳಿಯುವ ರೀತಿಯಲ್ಲಿ ಕರೆಯದೆ ಯಾರನ್ನೂ ಗೈರು ಎಂದು ಬರೆಯಬಾರದು. ತಿಂಗಳ ಕೊನೆಯ ಶುಕ್ರವಾರದ ಕಲಾಪ ಪಟ್ಟಿಯಲ್ಲಿ ಅದು ನಾಲ್ಕನೆಯದು. ಈ ಅಧಿವೇಶನದಲ್ಲಿ ಯಾವ ಶುಕ್ರವಾರವೂ ಸದನ ಎರಡನೆಯದನ್ನು ದಾಟಿಲ್ಲ.