ಸಂಘದ ಬಲೆ

ಸೂಳೆಕೆರೆಯ ದಡದಲ್ಲಿ, ಕೆರೆಬಿಳಚಿಯ ಕಡೆಗೆ, ತೆಪ್ಪ ಇಟ್ಟುಕೊಂಡವರದ್ದೊಂದು ಸಂಘವಿದೆ. ಅದಕ್ಕೆ ಕಟ್ಟಡವಿಲ್ಲ, ಬೋರ್ಡಿಲ್ಲ. ಒಂದು ಹುಣಸೆಮರವಿದೆ, ಅದರ ಕೆಳಗೆ ಬೋರಲು ಹಾಕಿದ ತೆಪ್ಪಗಳಿವೆ, ಮತ್ತೆ ದಾಸಪ್ಪನಿದ್ದಾನೆ. ಸಂಬಳ ಹಾಳಾಗಲಿ, ಒಂದು ಲೋಟ ಚಹಾ ಕೂಡ ಹುಟ್ಟದ ಈ ಅಧ್ಯಕ್ಷಗಿರಿಗೆ ಅವನು ಇಸ್ತ್ರಿ ಅಂಗಿ ತೊಟ್ಟು ಬರುತ್ತಾನೆ. ಎದುರಿಗೆ ಮೂವರು ಕೂತಿದ್ದರೂ ಮುನ್ನೂರು ಜನಕ್ಕೆ ಕೇಳುವಂತೆ ಮಾತಾಡುತ್ತಾನೆ. ನಗಬೇಡಿ. ಕೆರೆಯಲ್ಲಿ ಯಾರಾದರೂ ಮುಳುಗಿದರೆ ಮೊದಲ ಫೋನು ಬರುವುದು ಅವನಿಗೇ. ಉಣ್ಣುತ್ತಿದ್ದ ತಟ್ಟೆಯನ್ನು ಸರಿಸಿ ಎದ್ದು ಹೊರಡುವವನೂ ಅವನೇ.

ಸಂಘಕ್ಕೆ ಖರ್ಚಿದೆ. ಬಿದಿರು ಹೆಣೆದ ತೆಪ್ಪಗಳಿಗೆ ವರ್ಷಕ್ಕೊಮ್ಮೆ ಡಾಂಬರು ಬಳಿಯಬೇಕು, ಹಗ್ಗ ಬೇಕು, ಮುಳುಗುವವರತ್ತ ಎಸೆಯಲು ಗಾಳಿ ತುಂಬಿದ ಟ್ಯೂಬು ಬೇಕು. ಇದಕ್ಕೆಲ್ಲ ಹಿಂದಿನವರು ಒಂದು ದಾರಿ ಮಾಡಿಟ್ಟಿದ್ದರು. ಒಬ್ಬೊಬ್ಬ ಸದಸ್ಯ ವರ್ಷದಲ್ಲಿ ಒಂದು ಬೆಳಗಿನ ಬಲೆಯನ್ನು ಪೂರ್ತಿಯಾಗಿ ಸಂಘಕ್ಕೆ ಕೊಡಬೇಕು. ಅದೇ ಸಂಘದ ಬಲೆ. ಅವತ್ತು ಬಿದ್ದದ್ದು ಹಿಡಿಯಷ್ಟಿರಲಿ, ಬುಟ್ಟಿಯಷ್ಟಿರಲಿ, ಒಂದು ಸಣ್ಣ ಪಕ್ಕೆಮೀನನ್ನೂ ಮನೆಗೆ ಒಯ್ಯುವ ಹಾಗಿಲ್ಲ. ಮರದ ಕೆಳಗೆ ತಂದು ಸುರಿದರೆ ಅಲ್ಲೇ ಹರಾಜು.

ಈಗೀಗ ಆ ಬಲೆ ತೆಳ್ಳಗಾಗುತ್ತ ಬಂದಿತ್ತು. ಎಲ್ಲರ ಬಲೆಗೂ ಒಳ್ಳೆಯ ಮೀನು ಬೀಳುವುದು ಹಿಂದಿನ ದಿನ, ಇಲ್ಲವೇ ಮರುದಿನ. ಸಂಘದ ದಿನ ಮಾತ್ರ ಬರೀ ಪುಡಿಮೀನು. ಅವನು ಕದಿಯುತ್ತಾನೆಂದು ಇವನು, ಇವನು ಕದಿಯುತ್ತಾನೆಂದು ಅವನು. ಹೀಗೇ ಒಬ್ಬೊಬ್ಬರಾಗಿ ಸಂಘ ಬಿಟ್ಟರು. ಟ್ಯೂಬುಗಳಿಗೆ ತೇಪೆ ಹಾಕಲೂ ಜಾಗ ಉಳಿದಿರಲಿಲ್ಲ. ಇನ್ನು ನಾಲ್ಕು ಜನ ಹೋದರೆ ಸಂಘ ಮುಗಿಯಿತು ಎಂಬುದು ದಾಸಪ್ಪನಿಗೆ ಗೊತ್ತಿತ್ತು. ಆ ಚಿಂತೆಯಲ್ಲಿ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಗಿಡ್ಡಮ್ಮನ ಸರದಿ ಬಂತು. ಗಿಡ್ಡಮ್ಮ ತೀರಿಹೋದ ಬೆನಕಪ್ಪನ ಹೆಂಡತಿ. ದಾಸಪ್ಪನಿಗೆ ಹುಟ್ಟು ಹಾಕುವುದನ್ನು ಕಲಿಸಿದವನೇ ಬೆನಕಪ್ಪ. ಹಾಗಾಗಿ ಇವಳು ಅವನಿಗೆ ಅತ್ತಿಗೆ. ಗಂಡ ಹೋದ ಮೇಲೆ ಅವನ ತೆಪ್ಪವನ್ನು ಮಾರದೆ ತಾನೇ ನೀರಿಗಿಳಿಸಿದ ಗಟ್ಟಿಗಿತ್ತಿ. ಅವತ್ತು ಅವಳು ಮರದ ಕೆಳಗೆ ಸುರಿದದ್ದು ಎರಡು ಜಿಲೇಬಿ ಮೀನು, ಒಂದಷ್ಟು ಪಕ್ಕೆ.

ಎಲ್ಲರೂ ಮೀನು ನೋಡಿದರು, ಆಮೇಲೆ ಅಧ್ಯಕ್ಷನ ಮುಖ ನೋಡಿದರು. ದಾಸಪ್ಪನಿಗೆ ಅದೇನು ತಲೆಗೇರಿತೋ, ಗಂಟಲು ಸರಿಮಾಡಿಕೊಂಡ.

"ಗಿಡ್ಡಮ್ಮನವರೇ, ಬೆಳಗಾನ ಕೆರ್‍ಯಾಗಿದ್ದು ಇಷ್ಟೇನ್ರಿ ತಂದಿದ್ದು?"

ಅತ್ತಿಗೆ ಎನ್ನುವ ಬಾಯಲ್ಲಿ ಹೆಸರು ಬಂದದ್ದನ್ನು ಕೇಳಿ ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಬಿದ್ದಿದ್ದು ಇಷ್ಟೇ."

"ರಸ್ತ್ಯಾಗೆ ಕಾರು ನಿಲ್ಲಿಸಿ ಮೀನು ಕೇಳೋರು ಬಾಳ ಜನ ಅದಾರೆ. ತೆಪ್ಪ ಮುಟ್ಟಿ ಹೇಳ್ರಿ, ನಂಬ್ತೀವಿ."

ತೆಪ್ಪ ಮುಟ್ಟಿ ಹೇಳುವುದೆಂದರೆ ಇಲ್ಲಿ ಸಣ್ಣ ಮಾತಲ್ಲ. ಬಲೆ ಕತ್ತರಿಸಿದ ಜಗಳದಲ್ಲೋ, ಗಡಿಯ ತಕರಾರಿನಲ್ಲೋ, ಅದೂ ಅಪರೂಪಕ್ಕೆ, ಗಂಡಸರಿಂದ ಗಂಡಸರು ತೆಪ್ಪ ಮುಟ್ಟಿಸಿ ಆಣೆ ಮಾಡಿಸಿದ್ದುಂಟು. ಒಬ್ಬ ಹೆಂಗಸಿನಿಂದ, ಎರಡು ಜಿಲೇಬಿಗಾಗಿ, ಯಾರೂ ಮುಟ್ಟಿಸಿರಲಿಲ್ಲ. ಗಿಡ್ಡಮ್ಮ ಹೋಗಿ ತನ್ನ ತೆಪ್ಪದ ಮೇಲೆ ಅಂಗೈ ಇಟ್ಟು, "ಬಿದ್ದಿದ್ದು ಇಷ್ಟೇ" ಎಂದು ಇನ್ನೊಮ್ಮೆ ಹೇಳಿದಳು. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಮಾತು ಶುರುಮಾಡಿದ ದಾಸಪ್ಪನಿಗೆ ನಿಲ್ಲಿಸುವುದು ಗೊತ್ತಿಲ್ಲ.

"ಮುಟ್ಟಿದ್ರಿ, ಸರಿ. ಈ ವರ್ಷ ನಿಮ್ಮ ಸದಸ್ಯತ್ವ ತಡೆ ಹಿಡಿದೀವಿ. ಡಾಂಬರು ಸಿಗಾಕಿಲ್ಲ."

ಅವಳ ತೆಪ್ಪವನ್ನು ಮರದ ನೆರಳಿನಿಂದ ಈಚೆಗೆ ಎಳೆದು ಹಾಕಿದರು.

ಅನ್ಯಾಯ ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡಿ. ಮುಂದಿನ ವಾರದಿಂದಲೇ ಸಂಘದ ಬಲೆಗೆ ಕಾಟ್ಲಾ ಬೀಳತೊಡಗಿತು, ರೋಹು ಬೀಳತೊಡಗಿತು. ಹೊಸ ಹಗ್ಗ ಬಂತು, ಹೊಸ ಟ್ಯೂಬು ಬಂತು. ಹಿಂದೆ ಜಗಳವಾಡಿಕೊಂಡು ಹೋಗಿದ್ದ ಮರುಳಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದು, "ಈಗ ಸಂಘ ಅಂದ್ರೆ ಸಂಘ ಇದ್ದಂಗೈತೆ, ನಮ್ಮನ್ನೂ ಬರಕೊಳ್ರಪ್ಪ" ಎಂದ. ದಾಸಪ್ಪ ಎದೆಯುಬ್ಬಿಸಿಕೊಂಡು ಓಡಾಡಿದ. ಆದರೆ ಡಾಂಬರು ಕಾಣದ ತೆಪ್ಪದಲ್ಲಿ ಗಿಡ್ಡಮ್ಮ ಒಂದು ಕೈಯಲ್ಲಿ ಹುಟ್ಟು ಹಾಕುತ್ತ, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಒಳಗೆ ಜಿನುಗಿದ ನೀರನ್ನು ಚೆಲ್ಲುತ್ತ ಹೋಗುವುದು ಕಂಡಾಗ ಮಾತ್ರ ಬೇರೆ ಕಡೆ ನೋಡುತ್ತಿದ್ದ.

ಕಡೆಗೆ ಅವನದೇ ಸರದಿ ಬಂತು. ಅವತ್ತೇ ನ್ಯಾಮತಿಯಿಂದ ಬೀಗರು ಬರುವವರಿದ್ದರು, ಮಗಳ ಮದುವೆಯಾದ ಮೇಲೆ ಮೊದಲ ಸಲ. ಬಲೆ ಎಳೆದರೆ ತೋಳುದ್ದದ ಒಂದು ಕಾಟ್ಲಾ. ಬಹಳ ದಿನದಿಂದ ಅಂಥದ್ದು ಅವನ ಕೈಗೆ ಸಿಕ್ಕಿರಲಿಲ್ಲ. ಉಳಿದದ್ದೂ ಬುಟ್ಟಿ ತುಂಬುವಷ್ಟಿತ್ತು. ಅವನ ತಲೆ ಕೆಲಸ ಮಾಡಿದ ರೀತಿ ಇದು: ಸಂಘ ಉಳಿಸಿದವನು ಯಾರು? ನಾನು. ಬುಟ್ಟಿ ತುಂಬಿದೆಯೋ ಇಲ್ಲವೋ? ತುಂಬಿದೆ. ಇದೊಂದು ಹೋದರೆ ಯಾರಿಗೆ ನಷ್ಟ? ಹೀಗೆ ತನ್ನ ವಕಾಲತ್ತನ್ನು ತಾನೇ ನಡೆಸಿ, ತಾನೇ ತೀರ್ಪು ಕೊಟ್ಟುಕೊಂಡು, ಕಾಟ್ಲಾವನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ, ಮರ ಕಾಣದ ಮಗ್ಗುಲಲ್ಲಿ ದಡ ಹತ್ತಿದ. ಅಲ್ಲಿ ಹೆಂಡತಿ ನೇತ್ರಾವತಿ ಕಾಯುತ್ತಿದ್ದಳು.

"ಇವತ್ತು ಸಂಘದ ಬಲೆ ಅಲ್ಲೇನ್ರಿ?" ಎಂದಳು.

"ನೀನು ನಡಿ. ಬೀಗ್ರು ಬರೋ ಹೊತ್ತಾತು."

ಅವಳು ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಬಾಲ ಹೊರಗೇ ಇತ್ತು. ದಾಸಪ್ಪ ಈ ಕಡೆ ತಿರುಗಿದರೆ, ಮೊಣಕಾಲುದ್ದ ನೀರಿನಲ್ಲಿ ಗಿಡ್ಡಮ್ಮ ಬಲೆ ಜಾಲಿಸುತ್ತ ನಿಂತಿದ್ದಳು. ಅವಳು ಚೀಲವನ್ನೂ ನೋಡಿದಳು, ಅವನನ್ನೂ ನೋಡಿದಳು. ಆಮೇಲೆ ಬಲೆ ಹಿಂಡಿಕೊಂಡಳು. ಅವನ ಕಿವಿ ಬಿಸಿಯಾಯಿತು. ಆದರೂ ಬುಟ್ಟಿ ಹೊತ್ತು ಮರದ ಕೆಳಗೆ ಹೋದ, ಸುರಿದ, ಎಲ್ಲರೂ ಭೇಷ್ ಎಂದರು. ಅಧ್ಯಕ್ಷನಿಗೆ ತೆಪ್ಪ ಮುಟ್ಟು ಎಂದು ಯಾರು ಹೇಳುತ್ತಾರೆ?

ಬೀಗರು ಸಾರನ್ನು ಹೊಗಳಿದ್ದೇ ಹೊಗಳಿದ್ದು. ದಾಸಪ್ಪ ಎರಡೇ ತುತ್ತು ಉಂಡ. ಮುಳ್ಳು ಸಿಕ್ಕಿತೆಂದು ಸುಳ್ಳು ಹೇಳಿ ಎದ್ದ.

ಆಮೇಲೆ ಅವನು ಕಾದ. ಗಿಡ್ಡಮ್ಮ ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದ. ಅವಳು ಹೇಳಿಬಿಟ್ಟಿದ್ದರೆ ಅವನು ಜಗಳವಾಡಬಹುದಿತ್ತು. ಸಂಘದಿಂದ ತೆಗೆದ ಸಿಟ್ಟಿಗೆ ಹೀಗಂತಾಳೆ ಎನ್ನಬಹುದಿತ್ತು, ನಾಲ್ಕು ಜನ ನಂಬುತ್ತಲೂ ಇದ್ದರು. ಅವಳು ಯಾರ ಬಳಿಯೂ ತುಟಿ ಬಿಚ್ಚಲಿಲ್ಲ. ಎದುರಾದರೆ "ಅಧ್ಯಕ್ಷರೇ, ದಾರಿ ಬಿಡ್ರಿ" ಎನ್ನುತ್ತಿದ್ದಳು. ಮೊದಲಾದರೆ "ಲೇ ದಾಸಪ್ಪ, ಆ ಕಡೆ ಸರಿ" ಎಂದು ಗದರುತ್ತಿದ್ದವಳು. ಅವನಿಗೆ ನಾಚಿಕೆಯಾಗುತ್ತಿತ್ತು. ಕನ್ನಡಿಯ ಮುಂದೆ ಮೀಸೆ ತಿದ್ದುವಾಗಲೂ, ಸಭೆಯಲ್ಲಿ ಪ್ರಾಮಾಣಿಕತೆ ಎಂಬ ಪದ ತನ್ನ ಬಾಯಿಂದಲೇ ಉರುಳಿದಾಗಲೂ, ಮೈಯೆಲ್ಲ ನಾಚಿಕೆಯಾಗುತ್ತಿತ್ತು.

ತಡೆಯಲಾರದೆ ಒಂದು ಮಧ್ಯಾಹ್ನ ಒಂದು ಡಬ್ಬಿ ಡಾಂಬರು ಹಿಡಿದು ಅವಳ ಮನೆಗೆ ಹೋದ. ಗಿಡ್ಡಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

"ಅತ್ತಿಗೆ, ನನ್ನಿಂದ ತಪ್ಪಾತು," ಎಂದ. "ಅವತ್ತು ನೀನು ನೋಡಿದ್ದೀಯ. ನನಗೆ ಬಾಯಿ ಬಿಟ್ಟು ಹೇಳಾಕೂ ಆಗಾಕಿಲ್ಲ. ನಿನ್ನನ್ನ ವಾಪಸ್ ಸೇರಿಸಿಕೊಂಡೀನಿ. ನಾಳೆಯಿಂದ ತೆಪ್ಪ ನೆರಳಾಗೇ ಹಾಕು."

ಅವಳು ಮೊರ ಬದಿಗಿಟ್ಟಳು.

"ತೆಗೆದಿದ್ದು ಎಲ್ರ ಮುಂದೆ. ಸೇರಿಸಾಕೆ ಮಾತ್ರ ಒಬ್ಬನೇ ಬಂದೀಯ," ಎಂದಳು. "ಡಬ್ಬಿ ತಗೊಂಡು ಹೋಗು."

ಡಬ್ಬಿ ಹಿಡಿದುಕೊಂಡು ಊರ ನಡುವೆ ವಾಪಸು ಬರುವಾಗ ದಾಸಪ್ಪನಿಗೆ ಸತ್ತು ಹೋಗುವಷ್ಟು ಅವಮಾನವಾಯಿತು. ಅವಳು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಒಂದಕ್ಷರವೂ ಇರಲಿಲ್ಲ. ಆದರೆ ಎಲ್ಲರ ಮುಂದೆ ಹೇಳುವುದೆಂದರೆ? ಮರುಳಪ್ಪ ಮತ್ತು ಅವನ ಜತೆಯವರು ಮರಳಿ ಬಂದದ್ದೇ ಬಲೆಯ ಮೇಲೆ ನಂಬಿಕೆ ಹುಟ್ಟಿ. ಅಧ್ಯಕ್ಷನೇ ಕಳ್ಳನಾದರೆ ಅವರು ಉಳಿಯುತ್ತಾರೆಯೇ? ಬಾಯಿಬಿಟ್ಟರೆ ಸಂಘ ಹೋಗುತ್ತದೆ, ಸುಮ್ಮನಿದ್ದರೆ ತಾನು ಮನುಷ್ಯನಾಗಿ ಉಳಿಯುವುದಿಲ್ಲ.

ಮುಂದಿನ ಸಭೆಗೆ ಗಿಡ್ಡಮ್ಮನನ್ನು ಹೇಳಿ ಕಳಿಸಿ ಕರೆಸಿದ. ಅವಳು ಬಂದು ಹಿಂದೆ ನಿಂತಳು. ಅವನು ಗಂಟಲು ಸರಿಮಾಡಿಕೊಳ್ಳಲಿಲ್ಲ. ಅದಕ್ಕೇ ಏನೋ, ಮೊದಲ ಮಾತು ಅರ್ಧ ಜನಕ್ಕೆ ಕೇಳಿಸಲೇ ಇಲ್ಲ.

"ನನ್ನ ಸಂಘದ ಬಲ್ಯಾಗಿಂದು ಒಂದು ಕಾಟ್ಲಾ ಮನೆಗೆ ಹೋತು. ಬೀಗ್ರಿಗೆ ಸಾರು ಮಾಡಿದ್ವಿ. ಗಿಡ್ಡಮ್ಮತ್ತಿಗೆ ತಂದಿದ್ದು ಪೂರ್ತಿ ಬಲೆ, ನಾನು ತಂದಿದ್ದಲ್ಲ. ತೆಗೀಬೇಕಾಗಿದ್ದು ನನ್ನನ್ನ."

ಮರುಳಪ್ಪ ಟವೆಲ್ಲು ಕೊಡವಿ ಎದ್ದ. ಅವನ ಜತೆಯವರೂ ಎದ್ದರು. ಆಗ ಕಾರ್ಯದರ್ಶಿ ನಿಂಗರಾಜ ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ:

"ಒಂದೇನಾ ದಾಸಪ್ಪಣ್ಣ? ತೆಪ್ಪ ಮುಟ್ಟಿ ಹೇಳು."

ದಾಸಪ್ಪ ನಡೆದು ಹೋಗಿ ತನ್ನ ತೆಪ್ಪದ ಮೇಲೆ ಅಂಗೈ ಇಟ್ಟ. ಬಿಸಿಲ ಧಗೆಗೆ ಡಾಂಬರು ಮೆತ್ತಗಾಗಿ ಕೈಗೆ ಅಂಟಿತು.

"ಒಂದೇ," ಎಂದ.

ಸುತ್ತಲಿನ ಮುಖಗಳನ್ನು ನೋಡಿದ. ಒಬ್ಬರೂ ನಂಬಿರಲಿಲ್ಲ. ಎರಡು ಜಿಲೇಬಿ ಮೀನಿನ ಮುಂದೆ ತಾನು ಗಿಡ್ಡಮ್ಮನನ್ನು ಹೇಗೆ ನೋಡಿದ್ದನೋ, ಎಲ್ಲರೂ ಅವನನ್ನು ಹಾಗೇ ನೋಡುತ್ತಿದ್ದರು.

"ಒಂದೇ," ಎಂದು ಹಿಂದಿನಿಂದ ಗಿಡ್ಡಮ್ಮ ಅಂದಳು. "ನಾನು ನೋಡೀನಿ."

ನಿಂಗರಾಜ ತಲೆಯಾಡಿಸಿದ. ಮರುಳಪ್ಪ ಅವಳನ್ನೊಮ್ಮೆ ನೋಡಿ, ಟವೆಲ್ಲು ಹಾಸಿಕೊಂಡು ಮತ್ತೆ ಕೂತ. ಅವನ ಜತೆಯವರೂ ಕೂತರು. ದಾಸಪ್ಪ ಮಾತ್ರ ತೆಪ್ಪದ ಮೇಲಿನ ಕೈಯನ್ನು ತೆಗೆಯದೆ ಬೆನ್ನು ಮಾಡಿಕೊಂಡೇ ನಿಂತಿದ್ದ. ತೆಗೆದರೆ ಅವಳ ಕಡೆ ತಿರುಗಬೇಕಾಗುತ್ತಿತ್ತು.