ಚಾಚಿದ ಕೈಗಳ ಅಳತೆ

ಎರಡು ವರ್ಷದಿಂದ ನಮ್ಮ ತಂಡ ರಾಜ್ಯದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಕೊನೆಯ ಸ್ಥಾನ ಬಿಟ್ಟು ಅಲ್ಲಾಡಿರಲಿಲ್ಲ. ಸಂಬಳ ಕೊಟ್ಟು ಆಟಗಾರರನ್ನು ಇಟ್ಟುಕೊಂಡಿದ್ದ, ತುಮಕೂರಿನ ಹೆಸರು ಹೊತ್ತ ತಂಡ ಅದು. ಆದರೆ ನಮ್ಮ ಆಟ ನೋಡಲು ಆಟಗಾರರ ಮನೆಯವರೇ ಬರುವುದನ್ನು ಬಿಟ್ಟಿದ್ದರು. ನಾನು ತಂಡದ ಫಿಸಿಯೋ. ಊರಿನ ಬಟವಾಡಿ ಬಡಾವಣೆಯಲ್ಲಿ ಮೆಡಿಕಲ್ ಸ್ಟೋರಿನ ಮೇಲಿನ ಮಹಡಿಯಲ್ಲಿ ನನ್ನ ಕ್ಲಿನಿಕ್ಕು. ಬೆಳಿಗ್ಗೆ ಭುಜ, ಸೊಂಟ ಹಿಡಿದುಕೊಂಡವರು ಬರುತ್ತಾರೆ. ಸಂಜೆ ನಮ್ಮ ಆಟಗಾರರು.

ಕೋಚ್ ಕೆಲಸ ಬಿಟ್ಟು ಹೋದ ವಾರ, ತಂಡದ ಮಾಲೀಕರು ನನ್ನನ್ನು ಕರೆಸಿದರು. ಅವರದು ಕುಣಿಗಲ್ ಕಡೆ ಓಡುವ ಬಸ್ಸುಗಳ ವ್ಯಾಪಾರ. ತಂಡವನ್ನು ಬುಡದಿಂದ ಹೊಸದಾಗಿ ಕಟ್ಟಬೇಕು, ಯಾರನ್ನು ಇಟ್ಟುಕೊಳ್ಳಬೇಕು ಯಾರನ್ನು ಕಳಿಸಬೇಕು ನೀವೇ ಬರೆದುಕೊಡಿ ಅಂದರು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಎಷ್ಟೋ ವರ್ಷದಿಂದ ಮಂಡಿಗೆ ಪಟ್ಟಿ ಸುತ್ತುತ್ತಾ, ನನ್ನ ಮಾತು ಯಾರೂ ಕೇಳುವುದಿಲ್ಲ ಅಂತ ಗೊಣಗಿದವನು ನಾನು. ಆ ಖುಷಿಯನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ನನ್ನ ಯೋಜನೆ ಒಂದೇ ಹಾಳೆಯದು. ಮೊದಲ ಸಾಲು: ಕ್ಯಾಪ್ಟನ್ನನ್ನು ಕಳಿಸುವುದು. ಕುಣಿಗಲ್‌ನವನು, ಮೂವತ್ತನಾಲ್ಕು ದಾಟಿತ್ತು, ಅವನ ಎರಡೂ ಮಂಡಿಗಳ ಕಥೆ ಅವನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಎರಡನೆಯ ಸಾಲು: ಗುಬ್ಬಿಯ ಒಬ್ಬ ಹೊಸ ಆಟಗಾರನನ್ನು ತಂದು, ಉಳಿದವರನ್ನೆಲ್ಲ ಅವನ ಸುತ್ತ ಜೋಡಿಸುವುದು. ಇಪ್ಪತ್ತೊಂದು ವರ್ಷ, ಆರೂವರೆ ಅಡಿಗೂ ಮೇಲೆ. ಕಾಲೇಜು ಪಂದ್ಯವೊಂದರಲ್ಲಿ ಅವನ ಕೈ ನೋಡಿ ನಾನು ಮಾತು ನಿಲ್ಲಿಸಿಬಿಟ್ಟಿದ್ದೆ. ಎದುರಿನವನು ಎಸೆದ ಚೆಂಡನ್ನು ಅವನು ಹಾರದೆಯೇ ತಡೆಯುತ್ತಿದ್ದ.

ಅವನ ಮನೆಗೆ ನಾನೇ ಹೋದೆ. ಮುಂದೆ ಹಿಟ್ಟಿನ ಗಿರಣಿ, ಹಿಂದೆ ಮನೆ. ಗಿರಣಿ ನಡೆಸುತ್ತಿದ್ದವರು ಅವನ ತಾಯಿ. ಗೋಡೆಯ ಮೇಲೆ ಹಾರ ಹಾಕಿದ ತಂದೆಯ ಫೋಟೋ ಇತ್ತು: ಉದ್ದ ಮುಖ, ಉದ್ದ ಕತ್ತು, ನಲವತ್ತೂ ಆಗಿರದ ಮನುಷ್ಯ. ಏನಾಗಿತ್ತು ಅಂತ ಕೇಳಿದೆ. ಗಿರಣಿ ಮುಂದೆ ನಿಂತಿದ್ದವರು ಬೆನ್ನು ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲವಂತೆ. ಅವರ ಅಣ್ಣನೂ ಹಾಗೇ ಹೋದರಂತೆ. ನಾನು ಲೊಚಗುಟ್ಟಿ ಕಾಫಿ ಕುಡಿದೆ. ಆಮೇಲೆ ಚೀಲದಿಂದ ಟೇಪು ತೆಗೆದು, ಅಳತೆ ತೆಗೆದುಕೊಳ್ಳೋಣ ಅಂದೆ.

ಆ ತಾಯಿ ನನ್ನ ಕೈಯಲ್ಲಿದ್ದ ಟೇಪು ನೋಡಿ ಎದ್ದು ನಿಂತರು.

"ಬೇಡಿ ಸಾರ್. ನಮ್ಮನೇಲಿ ಆಳನ್ನ ಅಳೆಯಲ್ಲ. ಅಳೆಯೋದು ಒಂದೇ ಸಲ, ಅದೂ ಮಲಗಿಸಿದ ಮೇಲೆ, ಗುಂಡಿ ತೋಡೋಕೆ."

ಅವನಿಗೆ ಅಂಗಿ ಹೊಲಿಸುವಾಗಲೂ ಹಳೆಯ ಅಂಗಿಯನ್ನೇ ದರ್ಜಿಗೆ ಕೊಡುತ್ತಿದ್ದರಂತೆ. ನಾನು ನಕ್ಕು ಟೇಪು ಒಳಗಿಟ್ಟೆ. ಮರುದಿನ ಅವನು ಬಟವಾಡಿಗೆ ಬಂದಾಗ, ಅಮ್ಮನಿಗೆ ಹೇಳಬೇಡ ಅಂದು, ಕ್ಲಿನಿಕ್ಕಿನ ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಚಾಚಿಸಿದೆ. ಎರಡು ಬೆರಳ ತುದಿಗಳಲ್ಲಿ ಪೆನ್ಸಿಲ್ ಗುರುತು ಮಾಡಿದೆ. ಚಾಚಿದ ಕೈಗಳ ಅಳತೆ ಅವನ ಎತ್ತರಕ್ಕಿಂತ ಐದು ಇಂಚು ಜಾಸ್ತಿ ಬಂತು. ಹಾಗೇ ನಿಲ್ಲಿಸಿ ಫೋಟೋ ತೆಗೆದು, ಅಳತೆಯನ್ನೂ ಬರೆದು, ಲೀಗಿನ ಎಲ್ಲ ತಂಡದವರೂ ಇದ್ದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೊಟ್ಟೆ ಉರಿದುಕೊಳ್ಳಲಿ ಅಂತಲೇ ಹಾಕಿದ್ದು. ಮೂವರು ಕೈಮುಗಿಯುವ ಚಿತ್ರ ಕಳಿಸಿದರು.

ಅಭ್ಯಾಸ ಶುರುವಾಗಿ ಮೂರು ವಾರಕ್ಕೆ ಕ್ಯಾಪ್ಟನ್ ಕ್ಲಿನಿಕ್ಕಿಗೆ ಬಂದ. ಅವನನ್ನು ತಿಂಗಳ ಕೊನೆಗೆ ಕಳಿಸುತ್ತೇವೆಂದು ಆಗಲೇ ಹೇಳಿ ಆಗಿತ್ತು. ತನ್ನ ಜಾಗ ಉಳಿಸಿ ಅಂತ ಕೇಳಲು ಬಂದಿದ್ದಾನೆ ಅಂದುಕೊಂಡೆ. ಅವನು ಕೂರಲೂ ಇಲ್ಲ.

"ಅಣ್ಣ, ಆ ಗುಬ್ಬಿಯವನ್ನ ಒಂದ್ಸಲ ನೋಡಿ. ಆಟ ನಿಲ್ಸಿದಾಗೆಲ್ಲ ಗೋಡೆಗೆ ಒರಗಿ ಬೆನ್ನು ಹಿಡ್ಕೊಂಡು ನಿಂತಿರ್ತಾನೆ. ಮೈಕೈ ನೋವು ಹಂಗಿರಲ್ಲ ಕಣಣ್ಣ, ನಂಗೆ ಗೊತ್ತು."

"ಹೊಟ್ಟೆಕಿಚ್ಚು ಪಡಬೇಡ ಬಿಡು" ಅಂದೆ ನಾನು. ಅವನು ಮೆಟ್ಟಿಲ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ.

ಮರುದಿನ ಹುಡುಗನ ಬೆರಳಿಗೆ ಅಂಟುಪಟ್ಟಿ ಸುತ್ತುತ್ತಿದ್ದೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಹಿಡಿ ಅಂದೆ, ಹಿಡಿದ. ಹೆಬ್ಬೆರಳ ತುದಿ ಅಂಗೈ ದಾಟಿ ಆಚೆ ಕಡೆಯಿಂದ ಹೊರಗೆ ಬಂದಿತ್ತು. ಕಾಲೇಜಿನಲ್ಲಿ ಓದಿದ್ದ ಒಂದು ಪಾಠ ಆ ಕ್ಷಣಕ್ಕೆ ಪೂರ್ತಿ ನೆನಪಾಯಿತು. ಎತ್ತರ ಮೀರಿದ ಕೈ, ಜೇಡನಂಥ ಬೆರಳು, ಗುಳಿ ಬಿದ್ದ ಎದೆ, ಚಿಕ್ಕ ವಯಸ್ಸಿಗೇ ಹೋದ ತಂದೆ. ಮೈಯನ್ನು ಬಿಗಿಯಾಗಿ ಹಿಡಿದಿಡುವ ಎಳೆಗಳೇ ಸಡಿಲವಾಗಿ ಹುಟ್ಟುವ ಕಾಯಿಲೆ ಅದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಊದುತ್ತಾ ಹೋಗಿ ಒಂದು ದಿನ ಸೀಳಿಕೊಳ್ಳುತ್ತದೆ. ನಾನು ಯಾವ ಅಳತೆ ನೋಡಿ ಕುಣಿದಿದ್ದೆನೋ, ಅದೇ ಕಾಯಿಲೆಯ ಗುರುತಾಗಿತ್ತು. ಸುತ್ತಿದ್ದ ಪಟ್ಟಿಯನ್ನು ಬಿಚ್ಚತೊಡಗಿದೆ. "ಬಿಗಿಯಾಯ್ತಾ ಸಾರ್?" ಅಂತ ಅವನು ನನ್ನನ್ನೇ ವಿಚಾರಿಸಿದ.

ಆ ದಿನವೇ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಕೋ ಮಾಡಿಸಿದೆ. ನಾಳ ಆಗಲೇ ಅಗಲವಾಗಿತ್ತು. ಮಾತ್ರೆ ಶುರು ಮಾಡಬೇಕು, ಬೆಂಗಳೂರಿನಲ್ಲಿ ಆಪರೇಷನ್ನಿಗೆ ತೋರಿಸಬೇಕು, ಚೆಂಡು ಮುಟ್ಟಲೇಬಾರದು ಅಂದರು. ಅವನು ಮುಖ ತಗ್ಗಿಸಿಕೊಂಡು ಕೇಳಿಸಿಕೊಂಡ. ಹೊರಗೆ ಬಂದ ಮೇಲೆ ಕೇಳಿದ್ದು ಒಂದೇ ಮಾತು, ಭಾನುವಾರ ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಲಿ ಅಂತ.

ಮಾಲೀಕರು ವರದಿ ಓದಿ, ಮಡಚಿ ನನ್ನ ಕೈಗೇ ಕೊಟ್ಟರು. "ಕಳಿಸ್ಬಿಡಿ ಡಾಕ್ಟ್ರೇ. ನಮ್ಮ ಕೋರ್ಟಲ್ಲಿ ಮಾತ್ರ ಆಗ್ಬಾರ್ದು" ಅಂದರು. ಆಗಲೇ ನಾನು ಕೆರಳಬೇಕಿತ್ತು. ಕೆರಳಲಿಲ್ಲ, ಹಗುರಾದೆ. ಹಾಳೆಯ ಎರಡೂ ಸಾಲುಗಳನ್ನು ಹೊಡೆದು ಹಾಕಿ, ಕ್ಯಾಪ್ಟನ್ನನ್ನೇ ಉಳಿಸಿಕೊಂಡೆವು.

ಗುಬ್ಬಿಗೆ ಹೋಗಿ ತಾಯಿಗೆ ಎಲ್ಲ ಹೇಳಿದೆ. ಅವನನ್ನು ಅಳೆದಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ, ಗಿರಣಿ ನಿಲ್ಲಿಸಿ ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡರು. ಮಗ ಆಗಲೇ ಮನೆ ಬಿಟ್ಟಿದ್ದ. ನಾನು ಗುಂಪಿಗೆ ಹಾಕಿದ್ದ ಫೋಟೋ ನೋಡಿ ಬೇರೆ ಊರಿನ ತಂಡದವರು ಅವನಿಗೆ ಫೋನ್ ಮಾಡಿ ಕರೆಸಿಕೊಂಡಿದ್ದರು.

ಗಿರಣಿಯ ಮೆಟ್ಟಿಲು ಇಳಿಯುವ ಮೊದಲೇ ಆ ತಂಡದ ಮ್ಯಾನೇಜರಿಗೆ ಫೋನ್ ಹಚ್ಚಿದೆ. ಎಕೋ ವರದಿ ಕಳಿಸುತ್ತೇನೆ ಅಂದೆ. ಹುಡುಗನೇ ಬೇರೆ ಡಾಕ್ಟರ ಸರ್ಟಿಫಿಕೇಟ್ ತಂದುಕೊಟ್ಟಿದ್ದಾನೆ ಅಂದ ಆತ. ದಯವಿಟ್ಟು ಅವನನ್ನು ಆಡಿಸಬೇಡಿ ಅಂತ ಬೇಡಿಕೊಂಡೆ.

"ಹೊಟ್ಟೆಕಿಚ್ಚು ಯಾಕೆ ಸಾರ್, ಬಿಡಿ" ಅಂತ ನಕ್ಕು ಆತ ಫೋನ್ ಇಟ್ಟ. ನಾನು ಕ್ಯಾಪ್ಟನ್ನಿಗೆ ಹೇಳಿದ ಮಾತೇ ನನಗೆ ವಾಪಸ್ಸು ಬಂದಿತ್ತು. ಲೀಗಿನವರಿಗೆ ವರದಿಯನ್ನೂ ಜೊತೆಗೊಂದು ಪತ್ರವನ್ನೂ ಕಳಿಸಿದೆ. ಪರಿಶೀಲನೆಯಲ್ಲಿದೆ ಅನ್ನುತ್ತಾರೆ.

ಕಳೆದ ತಿಂಗಳು ಆ ತಂಡ ತುಮಕೂರಿಗೆ ಆಡಲು ಬಂತು. ಗೇಟಿನ ಹತ್ತಿರ ಆಂಬುಲೆನ್ಸ್ ನಿಲ್ಲಿಸಿದ್ದೆ. ಹುಡುಗನ ಎದುರು ನಿಲ್ಲಬೇಕಾದವನು ನಮ್ಮ ಕ್ಯಾಪ್ಟನ್. ಪಂದ್ಯಕ್ಕೆ ಮೊದಲು ನನ್ನ ಪಕ್ಕ ಬಂದು ಮಂಡಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಾ, "ಅವನ ಮೈ ಮುಟ್ಟಲ್ಲ ಬುಡಣ್ಣ" ಅಂದ. ಹಾಗೇ ಮಾಡಿದ. ಹುಡುಗ ಬುಟ್ಟಿಯ ಕಡೆ ನುಗ್ಗಿದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟ. ಜನ ಮುದುಕ ಅಂತ ಕೂಗಿದರು. ಹದಿನೈದು ವರ್ಷ ಒಂದಿಂಚು ಜಾಗ ಬಿಡದೆ ಆಡಿದವನು ಕಿವುಡನಂತೆ ನಿಂತಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ. ನಾವು ಹೀನಾಯವಾಗಿ ಸೋತೆವು. ಮಾಲೀಕರು ಅವತ್ತೇ ತಂಡ ಮುಚ್ಚುವ ಮಾತಾಡಿದರು.

ಆಟ ಮುಗಿದ ಮೇಲೆ ಹುಡುಗ ಬೆವರು ಸುರಿಸುತ್ತಾ ಬಂದು ನನ್ನ ಕೈ ಹಿಡಿದುಕೊಂಡ. ಅವನ ಬೆರಳುಗಳು ನನ್ನ ಮಣಿಕಟ್ಟನ್ನು ಸುತ್ತಿ ಇನ್ನೂ ಮಿಕ್ಕಿದ್ದವು.

"ನೋಡಿದ್ರಾ ಸಾರ್, ಏನೂ ಆಗ್ಲಿಲ್ಲ. ಅಮ್ಮಂಗೆ ಹೇಳಿ."

ಮಾತ್ರೆ ತಗೊಳ್ತಿದೀಯಾ ಅಂತ ಕೇಳಿದೆ. ತಗೊಂಡರೆ ಓಡಲು ಆಗುವುದಿಲ್ಲ ಅಂದ. ಹೋಗುವಾಗ ಬಾಗಿಲ ಚೌಕಟ್ಟಿಗೆ ಒಮ್ಮೆ ಒರಗಿ, ಎಡಗೈಯನ್ನು ಬೆನ್ನ ಹಿಂದೆ ಒತ್ತಿಕೊಂಡು, ಆಮೇಲೆ ಬಸ್ಸು ಹತ್ತಿದ.

ಕ್ಲಿನಿಕ್ಕಿನ ಗೋಡೆಯಲ್ಲಿ ಆ ಎರಡು ಗುರುತು ಇನ್ನೂ ಇವೆ. ಭುಜ ಹಿಡಿದುಕೊಂಡವರು ಅದೇ ಗೋಡೆಗೆ ಬೆನ್ನು ಹಚ್ಚಿ ಎರಡೂ ಕೈ ಪಕ್ಕಕ್ಕೆ ಚಾಚುತ್ತಾರೆ, ಯಾರಿಗೂ ಆ ಎರಡು ಗುರುತು ಒಟ್ಟಿಗೆ ಎಟುಕುವುದಿಲ್ಲ. ಅಳಿಸಲು ಎರಡು ಸಲ ಬಟ್ಟೆ ಒದ್ದೆ ಮಾಡಿಕೊಂಡು ನಿಂತೆ, ಧೈರ್ಯ ಬರಲಿಲ್ಲ.

ಅವನ ಪಂದ್ಯಗಳನ್ನೆಲ್ಲ ಫೋನಿನಲ್ಲಿ ನೋಡುತ್ತೇನೆ. ಅಂಕ ನೋಡುವುದಿಲ್ಲ. ಕೊನೆಯ ಸೀಟಿ ಊದಿದ ಕೂಡಲೇ ಗುಬ್ಬಿಗೆ ಫೋನ್ ಮಾಡುತ್ತೇನೆ. ಇದು ಆ ತಾಯಿಯೇ ಹಾಕಿದ ಕರಾರು. ಮಗ ಚೆನ್ನಾಗಿದೀನಿ ಅಂದರೆ ನಾನು ನಂಬಲ್ಲ, ಅಳೆದೋರು ನೀವು, ನೀವೇ ಹೇಳಬೇಕು ಅಂದಿದ್ದರು. ಮೊದಲ ರಿಂಗಿಗೇ ಎತ್ತುತ್ತಾರೆ. ಗಿರಣಿ ನಿಲ್ಲಿಸಿಕೊಂಡು ಕಾಯುತ್ತಿರುತ್ತಾರೆ ಅಂತ ಕಾಣುತ್ತದೆ, ಆ ಕಡೆ ಒಂದು ಸದ್ದೂ ಇರುವುದಿಲ್ಲ. ಮುಗೀತಮ್ಮ, ನಿಂತಿದಾನೆ, ಅನ್ನುತ್ತೇನೆ. ಆಗ ಅವರು ಗಿರಣಿ ಶುರು ಮಾಡುತ್ತಾರೆ.

ನಾಳೆ ಸಂಜೆ ಐದಕ್ಕೆ ಅವನ ಪಂದ್ಯವಿದೆ.